ಟ್ರೌಟ್ ಕೆರೆಯ ಗುಟ್ಟು

ಕ್ಯಾಲಿಫೋರ್ನಿಯಾದಲ್ಲಿ ಗಾಳ ಹಾಕುವವರ ಸಂಬಳ ಕೇಳಿ, ಹೇಳಿಯಾರು. ರುಚಿಯಾದ ಟ್ರೌಟ್ ಮೀನು ಸಿಗುವ ಕೆರೆ ಯಾವುದು ಅಂತ ಮಾತ್ರ ಕೇಳಬೇಡಿ. "ಹೀಗೇ, ಮೇಲ್ಗಡೆ" ಎಂದು ಸಿಯೆರಾ ನೆವಾಡಾ ಬೆಟ್ಟಸಾಲಿನತ್ತ ಕೈ ಬೀಸುತ್ತಾರೆ. ಆ ಸಾಲು ಸುಮಾರು 640 ಕಿಲೋಮೀಟರ್ ಉದ್ದ!

ಊರ ಪಕ್ಕದ ಎಷ್ಟೋ ಕೆರೆಗಳಿಗೆ ಸರ್ಕಾರವೇ ಲಾರಿಯಲ್ಲಿ ಟ್ರೌಟ್ ತಂದು ಸುರಿಯುತ್ತದೆ. ಮರಿಕೇಂದ್ರದಲ್ಲಿ ಹೊತ್ತುಹೊತ್ತಿಗೆ ಮೇವು ತಿಂದು ಬೆಳೆದ ಹಾಸ್ಟೆಲ್ ಹುಡುಗರು ಇವು. ಮಾಂಸ ಬಹುಪಾಲು ಬಿಳಿಚಿ, ಸಪ್ಪೆ. ಬೆಟ್ಟದ ತಣ್ಣೀರಲ್ಲಿ ಸೀಗಡಿ ಜಾತಿಯ ಸಣ್ಣ ಜೀವಿಗಳನ್ನು ಮೇಯ್ದ ಮೀನಿನ ಮಾಂಸಕ್ಕೆ ಕಿತ್ತಳೆಗೆಂಪು ಏರುತ್ತದೆ. ಕೊಯ್ದಾಗ ಆ ಬಣ್ಣ ಕಂಡರೆ ಅರ್ಧ ಊಟ ಆದ ಹಾಗೆ.

ಬಿಸಿಲಿಗೆ ಪಾಚಿಗಟ್ಟಿದ ಕೆರೆಯ ಮೀನಾದರೆ ಮಣ್ಣುವಾಸನೆ. ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮೊದಲ ಮಳೆಗೆ ನೆಲದಿಂದೇಳುವ ಘಮದಲ್ಲೂ ಇರುವುದು ಇದೇ! ಕವಿಗಳಿಗೆ ಇರಲಿ, ಕಾವಲಿಗೆ ಬೇಡ. ಹುಳಿ ಬಿದ್ದರೆ ಈ ವಾಸನೆ ತಗ್ಗುತ್ತದೆ. ಹುಣಸೆ, ಬ್ಯಾಡಗಿ ಮೆಣಸು ಅರೆದು ಬಳಿಯುವ ಮಂಗಳೂರಿನ ಗೆಳೆಯರಿಗೆ ಹಾಗಾಗಿ ಚಿಂತೆಯೇ ಇಲ್ಲ: "ಕೆರೆ ಯಾವುದಾದ್ರೆಂತ ಮಾರಾಯ್ರೇ, ಮಸಾಲೆ ನಮ್ಮದಲ್ವಾ?"

ಅಂದಹಾಗೆ, ಗಾಳ ಹಾಕಲು ಲೈಸೆನ್ಸ್ ಬೇಕು. 16 ತುಂಬದವರಿಗೆ ಬೇಡ. ಆದ್ದರಿಂದ ಕೆರೆ ದಂಡೆಯಲ್ಲಿ ಮಕ್ಕಳಿಗೆ "ಕಲಿಸುತ್ತಾ" ನಿಂತ ಅಪ್ಪಂದಿರು ಬಹಳ. ಲೈಸೆನ್ಸ್ ನೋಡಲು ಬರುವ ವಾರ್ಡನ್ ಜೀಪು ಕಂಡಿತೋ, ಗಾಳ ಸರಕ್ಕನೆ ಮಗನ ಕೈಗೆ. ಮಗ ಎಂಬುವನು ಫೋನಿನಿಂದ ತಲೆ ಎತ್ತಿದರೆ ಪುಣ್ಯ.