ಹಿಂಗಾರಿನ ಹಿತ್ತಲು: ಒಂದು ಬಹುಶಿಸ್ತೀಯ ಅಧ್ಯಯನ (ಸಾಲಗಾಮೆ ಹೋಬಳಿಯನ್ನು ಅನುಲಕ್ಷಿಸಿ)

ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಹಾಸನ ತಾಲ್ಲೂಕು ಸಾಲಗಾಮೆ ಹೋಬಳಿಯ ಹಿತ್ತಲುಗಳಲ್ಲಿ ಶರದೃತುವಿನಲ್ಲಿ ಸಂಭವಿಸುವ ತರಕಾರಿ, ಹಣ್ಣು ಹಾಗೂ ಹೂಗಳ ನಾಟಿಯನ್ನು ಸಾಂಸ್ಕೃತಿಕ, ಪಾರಿಸರಿಕ ಮತ್ತು ಜ್ಞಾನಮೀಮಾಂಸೆಯ ನೆಲೆಗಳಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. ವಿನಮ್ರ ಪ್ರಯತ್ನಗಳು ಇನ್ನೂರು ಪುಟಕ್ಕೆ ಕಡಿಮೆ ಇರಬಾರದೆಂಬುದು ವಿದ್ವತ್ ವಲಯದ ಸಂಪ್ರದಾಯ. ಕಾಗದದ ಬೆಲೆಯನ್ನು ಗಮನದಲ್ಲಿರಿಸಿಕೊಂಡು ಆ ಸಂಪ್ರದಾಯವನ್ನು ಇಲ್ಲಿ ಮುರಿಯಲಾಗಿದೆ.

ಅಧ್ಯಯನದ ವ್ಯಾಪ್ತಿ: ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ, ಮಲೆನಾಡು ಇನ್ನೂ ಪೂರ್ತಿ ಬಿಟ್ಟುಕೊಡದ, ಬಯಲುಸೀಮೆ ಇನ್ನೂ ಪೂರ್ತಿ ವಹಿಸಿಕೊಳ್ಳದ ನೆಲ. ಅಧ್ಯಯನದ ಮಿತಿ: ನಾಯಿ ಬಿಟ್ಟಿರುವ ಹಿತ್ತಲುಗಳನ್ನು ಕ್ಷೇತ್ರಕಾರ್ಯದಿಂದ ಕೈಬಿಡಲಾಗಿದೆ. ಮೂಲಪ್ರಶ್ನೆ: ಕೊತ್ತಂಬರಿ ಯಾವಾಗ ಹಾಕಬೇಕು? ವಕ್ತೃ: ಓರ್ವ ಮಹಿಳೆ, ವಯಸ್ಸು, "ಅದ್ಯಾರಪ್ಪ ಲೆಕ್ಕ ಮಡಗವ್ರೆ", ವಿದ್ಯಾರ್ಹತೆ, ಕೇಳಲು ಧೈರ್ಯವಾಗಲಿಲ್ಲ. ಪೂರ್ವಾಧ್ಯಯನಗಳ ಸಮೀಕ್ಷೆ: ಪೂರ್ವಾಧ್ಯಯನಗಳು ಒಂದನ್ನೊಂದು ಸಮೀಕ್ಷಿಸಿಕೊಂಡಿವೆ. ಯಾವುದರಲ್ಲೂ ಕೊತ್ತಂಬರಿ ಸಿಗಲಿಲ್ಲ.

ಅಧ್ಯಾಯ 1: ಕಾಲಮೀಮಾಂಸೆ

ಈ ಹೋಬಳಿಯಲ್ಲಿ ಶರತ್ಕಾಲವನ್ನು ಏಕಶಿಲಾತ್ಮಕ ಪರಿಕಲ್ಪನೆಯೆಂದು ಗ್ರಹಿಸಲಾಗದು. ಕನಿಷ್ಠ ಮೂರು ಕಾಲಸಂಕಥನಗಳು ಇಲ್ಲಿ ಪರಸ್ಪರ ಅನುಸಂಧಾನದಲ್ಲಿ ತೊಡಗಿವೆ.

ಮೊದಲನೆಯದು ನಕ್ಷತ್ರಕೇಂದ್ರಿತ ಸಂಕಥನ. ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ಎರಡನೇ ವಾರಕ್ಕೆ ಚಿತ್ತೆ, ತಿಂಗಳು ಮುಗಿಯುವ ಹೊತ್ತಿಗೆ ಸ್ವಾತಿ, ಆಮೇಲೆ ವಿಶಾಖೆ. ಮುಂಗಾರಿನ ಜಡಿ ನಿಂತಿರುತ್ತದೆ. ಹಗಲೆಲ್ಲ ಬಿಸಿಲು ಕಾದು ಸಂಜೆಗೆ ಗುಡುಗಿ ಒಂದು ಹದ ಮಳೆ. ಸೊಪ್ಪಿನ ಬೀಜ ಕೊಳೆಯದೆ ಮೊಳೆಯುವುದು ಈ ಹದದಲ್ಲೇ. ರಾತ್ರಿಗೆ ಚಳಿ ಹಿಡಿಯುವುದರಿಂದ ಕೋಸು, ನವಿಲುಕೋಸು, ಬಟಾಣಿಗಳೂ ಒಲಿಯುತ್ತವೆ.

ಎರಡನೆಯದು ದೇವೀಕೇಂದ್ರಿತ ಸಂಕಥನ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿ ಕಳೆದರೆ ಮತ್ತೆ ಮುಂದಿನ ವರ್ಷವೇ. "ಅಮ್ಮನ ಬಾಗ್ಲು ತೆಗೆಯೋದ್ರೊಳಗೆ ಮೆಂತ್ಯ, ಕೊತ್ತುಂಬ್ರಿ ಹಾಕ್ಬುಟ್ರೆ ಆಯ್ತು, ಅದ್ಕೇನ್ ಬರ್ಕತೀಯಪ್ಪ" ಎಂಬ ವಕ್ತೃವಿನ ಹೇಳಿಕೆ ಧ್ವನಿಮುದ್ರಿಕೆಯಲ್ಲಿದೆ. ಹೋದ ವರ್ಷ ಮುಡಿಸಿದ ಹೂ ಬಾಗಿಲು ತೆರೆದಾಗಲೂ ಬಾಡಿರುವುದಿಲ್ಲವೆಂಬುದು ಭಕ್ತರ ನಂಬಿಕೆ. ಹಿತ್ತಲಿನ ಸೇವಂತಿಗೆಗೆ ಈ ಸೌಲಭ್ಯವನ್ನು ಇನ್ನೂ ವಿಸ್ತರಿಸಿಲ್ಲ.

ಮೂರನೆಯದು ಮಾರ್ಚ್ 31. ಇದನ್ನು ಮುಂದೆ ಚರ್ಚಿಸಲಾಗುವುದು. ಈಗಲೇ ಎತ್ತಿಕೊಂಡರೆ ಪ್ರಬಂಧದ ವಸ್ತುನಿಷ್ಠತೆ ಕೆಡುತ್ತದೆ.

ಅಧ್ಯಾಯ 2: ಸಸ್ಯಸಂಕುಲದ ವರ್ಗೀಕರಣ

ಹಿತ್ತಲಿನ ಸಸ್ಯಗಳು ಆರು ಬಗೆ: (ಅ) ಬಿತ್ತಿದ್ದು, (ಆ) ನೆಟ್ಟದ್ದು, (ಇ) ಯಾರೂ ಬಿತ್ತದೆ ತಿಪ್ಪೆಯಲ್ಲಿ ಹುಟ್ಟಿ ಎಲ್ಲಕ್ಕಿಂತ ಸೊಗಸಾಗಿ ಬರುವ ಕುಂಬಳ, (ಈ) ಪಕ್ಕದ ಮನೆಯವರಿಲ್ಲದಾಗ ಮುರಿದು ತಂದ ದಾಸವಾಳದ ಕಡ್ಡಿ, (ಉ) ಕೋಳಿ ಕೆದಕಿದ ಮೇಲೆ ಉಳಿದದ್ದು, (ಊ) ತರಬೇತಿ ಶಿಬಿರದ ಪರದೆಯ ಮೇಲೆ ಮಾತ್ರ ಬೆಳೆಯುವುದು.

ಕೊನೆಯ ವರ್ಗಕ್ಕೆ ಒಂದು ನಿದರ್ಶನ. "ಶರತ್ಕಾಲೀನ ಕೈತೋಟದ ಸುಸ್ಥಿರ ನಿರ್ವಹಣೆ" ಕುರಿತ ಶಿಬಿರವೊಂದರಲ್ಲಿ ಹಿಮ ಬೀಳುವ ಮೊದಲು ಟುಲಿಪ್ ಗೆಡ್ಡೆಗಳನ್ನು ಮಣ್ಣಿಗೆ ಸೇರಿಸಬೇಕೆಂದು ಬಣ್ಣಬಣ್ಣದ ಚಿತ್ರ ತೋರಿಸಲಾಯಿತು. ಹಿಮ. ಹಾಸನದಲ್ಲಿ. ಸಭಿಕರು ಚಪ್ಪಾಳೆ ತಟ್ಟಿದರು, ಆಮೇಲೆ ಊಟವಿತ್ತು.

ಈ ಆರು ಬಗೆಗಳನ್ನು ಉಪವರ್ಗ, ಒಳವರ್ಗಗಳಾಗಿ ಒಡೆಯುವ ಉದ್ದೇಶವಿತ್ತು. ಬೇಡ, ಸಾಕು. ಅವರೆಯ ಮಾತಾಡೋಣ.

ನಾಟಿ ಅವರೆಗೆ ಹಗಲಿನ ಉದ್ದ ಗೊತ್ತು. ಹಗಲು ಕುಗ್ಗುವವರೆಗೆ ಅದು ಬಳ್ಳಿ ಹಬ್ಬಿಸುತ್ತಲೇ ಇರುತ್ತದೆ, ಎಷ್ಟು ಗೊಬ್ಬರ ಸುರಿದರೂ ಹೂ ಬಿಡುವುದಿಲ್ಲ. ಹದಿಮೂರು ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೂವರೆ ಗಂಟೆ ಮಾತ್ರ. ಗಡಿಯಾರ ಕಟ್ಟಿಕೊಂಡವರಿಗೆ ತಿಳಿಯದ ಆ ವ್ಯತ್ಯಾಸ ಬಳ್ಳಿಗೆ ತಿಳಿಯುತ್ತದೆ. ಸೇವಂತಿಗೆಯದೂ ಇದೇ ಲೆಕ್ಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಎಚ್‌ಎ-3, ಎಚ್‌ಎ-4 ಅವರೆ ತಳಿಗಳಿಗೆ ಹಗಲಿನ ಹಂಗಿಲ್ಲ, ವರ್ಷದ ಯಾವ ಕಾಲಕ್ಕೂ ಕಾಯಿ ಬಿಡುತ್ತವೆ. ಅದು ನಿಜವಾದ ವಿದ್ಯೆ, ಅದಕ್ಕೆ ನನ್ನ ನಮಸ್ಕಾರವಿದೆ. ಆದರೂ ಇಬ್ಬನಿ ಬಿದ್ದ ಮೇಲೆ ಸೊಗಡು ಕಟ್ಟಿ, ಸುಲಿದ ಬೆರಳು ಸಂಜೆಯವರೆಗೂ ಘಮ್ಮೆನ್ನುವ ಕಾಯಿ ಬೇಕೆಂದರೆ ಹಳೇ ಬಳ್ಳಿಯನ್ನೇ ಕಾಯಬೇಕು.

ಇನ್ನು ಮೂಲಪ್ರಶ್ನೆಯ ಕೊತ್ತಂಬರಿ. ನಾವು ಒಂದು ಕಾಳೆನ್ನುವುದರೊಳಗೆ ಎರಡು ಬೀಜ ಇರುತ್ತವೆ. ಮೆಲ್ಲಗೆ ಉಜ್ಜಿ ಹೋಳು ಮಾಡಿ, ರಾತ್ರಿ ನೆನೆಹಾಕಿ ಬಿತ್ತಿದರೆ ಒಟ್ಟಿಗೆ ಮೊಳೆಯುತ್ತವೆ. ವಕ್ತೃ ಇದನ್ನು ಜಗಲಿಯ ಮೇಲೆ ಚಪ್ಪಲಿಯಡಿ ಉಜ್ಜಿ ತೋರಿಸಿದರು. ಟೊಮೆಟೊ ಸಾಲುಗಳ ನಡುವೆ ಅವರು ಚೆಂಡುಹೂ ನೆಟ್ಟಿದ್ದರು. ನಾನದನ್ನು ಗ್ರಾಮೀಣ ಸೌಂದರ್ಯಪ್ರಜ್ಞೆಯ ಅಭಿವ್ಯಕ್ತಿಯೆಂದು ಟಿಪ್ಪಣಿ ಮಾಡಿಕೊಳ್ಳುತ್ತಿರುವಾಗ, ಕಾಯಿ ಕೊರೆಯುವ ಹುಳದ ಚಿಟ್ಟೆ ಟೊಮೆಟೊ ಬಿಟ್ಟು ಆ ಹೂವಿನ ಮೇಲೆ ಮೊಟ್ಟೆ ಇಡುತ್ತದೆಂದು ಅವರೇ ಹೇಳಿದರು. ದೀಪಾವಳಿಗೆ ಹೂವೂ ಆಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯೂ ಅದೇ.

ಬಾಳೆಗೆ ಕಂದು ಆರಿಸುವಾಗ ಕತ್ತಿಯಂತೆ ಕಿರಿದಾದ ಎಲೆಯದನ್ನು ಕೀಳಬೇಕು. ಅಗಲ ಎಲೆಯ ನೀರುಗಂದು ನೋಡಲು ಹುಲುಸಾಗಿರುತ್ತದೆ, ತಾಯಿಗೆಡ್ಡೆಗೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ, ಗೊನೆ ಸಣ್ಣದು. ವಿಚಾರಸಂಕಿರಣಗಳ ವೇದಿಕೆಯ ಮೇಲೆ ಈ ಎರಡನೆಯ ಬಗೆ ಯಥೇಚ್ಛ.

ಆಲೂಗಡ್ಡೆಯನ್ನು ಈ ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಅದು ಇಲ್ಲಿ ಮುಂಗಾರಿನ ಬೆಳೆ ಎಂಬುದು ಒಂದು ಕಾರಣ. ಜಲಂಧರ್‌ನಿಂದ ಬರುವ ಬಿತ್ತನೆ ಗೆಡ್ಡೆಗೆ ಸಾಲ ಮಾಡಿ, ಮೋಡ ಮುಸುಕಿದ ಒಂದು ವಾರದಲ್ಲಿ ಅಂಗಮಾರಿಗೆ ಇಡೀ ಹೊಲ ಕಪ್ಪಾಗುವುದನ್ನು ಕಂಡವರ ಮುಂದೆ ಅಣಕು ನಾಲಿಗೆಗೆ ಬರುವುದಿಲ್ಲ ಎಂಬುದು ಇನ್ನೊಂದು.

ಅಧ್ಯಾಯ 3: ಬೀಜರಾಜಕಾರಣ

ಗ್ರಾಮಠಾಣದೊಳಗಿನ ಹಿತ್ತಲು ಪಹಣಿಗೆ ಬರುವುದಿಲ್ಲ. ಪಹಣಿಗೆ ಬಾರದ್ದು ಬೆಳೆ ಅಂಕಿಅಂಶಕ್ಕೆ ಬರುವುದಿಲ್ಲ. ಅಂಕಿಅಂಶದಲ್ಲಿಲ್ಲದ ಸೊಪ್ಪನ್ನು ಉಂಡವರು ಸೈದ್ಧಾಂತಿಕವಾಗಿ ಏನನ್ನೂ ಉಂಡಿಲ್ಲ. ಆದ್ದರಿಂದ ಅವರಿಗೆ ಪೌಷ್ಟಿಕತೆಯ ಅರಿವು ಮೂಡಿಸಬೇಕಾಗುತ್ತದೆ. ಮಾರ್ಚ್ 31 ಬರುವುದು ಇಲ್ಲಿ.

ಹಸ್ತದ ಮಳೆಗೆ ಬರಬೇಕಾದ ಬೀಜದ ಪೊಟ್ಟಣ ಶಿವರಾತ್ರಿ ಕಳೆದ ಮೇಲೆ ಬಂತು. ಯಾವ ಕಚೇರಿ ಎಂಬುದು ಇಲ್ಲಿ ಅಪ್ರಸ್ತುತ. ಅನುದಾನ ಆರ್ಥಿಕ ವರ್ಷದೊಳಗೆ ಖರ್ಚಾಗಬೇಕಿತ್ತು, ಆಯಿತು. ಆ ಹೊತ್ತಿಗೆ ಬಾವಿಯ ನೀರು ತಳ ಹಿಡಿದಿತ್ತು. ಹೆಂಗಸರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಪೊಟ್ಟಣವನ್ನು ಎದೆಮಟ್ಟಕ್ಕೆ ಹಿಡಿಸಿ ಫೋಟೊ ತೆಗೆದರು. ವಕ್ತೃವಿನ ಹೆಸರಿನ ಮುಂದೆ "ಫಲಾನುಭವಿ" ಎಂದು ಬರೆದುಕೊಂಡರು. ಫಲವೂ ಇಲ್ಲ, ಅನುಭವ ಕೇಳುವ ವ್ಯವಧಾನವೂ ಇಲ್ಲ! ಮದುವೆಯಾಗಿ ಬಂದಂದಿನಿಂದ ಹೀರೆ, ಸೋರೆ, ಬದನೆ ಬೀಜವನ್ನು ಬೂದಿಯಲ್ಲಿ ಕಲಸಿ ಮಡಕೆಯಲ್ಲಿಟ್ಟು, ಕುಂಬಳದ ಬೀಜವನ್ನು ಸಗಣಿಗೆ ಸೇರಿಸಿ ಗೋಡೆಗೆ ತಟ್ಟಿ ಉಳಿಸಿದ ಕೈ ಅದು. ಆ ಕೈಗೆ ಬೀಜ ಹಿಡಿಯುವುದು ಹೇಗೆಂದು ಹೇಳಿಕೊಟ್ಟರು.

ಬೀಟ್‌ರೂಟಿನ ಬೀಜ ಕೊಳ್ಳಲೇಬೇಕು. ಗುಡ್ಡನಾಡಿನ ಕೊರೆಯುವ ಚಳಿ ಸಿಗದೆ ಅದು ಬೀಜಕ್ಕೆ ಬರುವುದಿಲ್ಲ. ಚಳಿಗಾಲದ ಕೋಸಿನದೂ ಹಾಗೇ. ಆದರೆ ಹೀರೆ, ಸೋರೆಗಳಿಗೇಕೆ ಹೈಬ್ರಿಡ್ ಪೊಟ್ಟಣ? ಅದರ ಕಾಯಿಯಿಂದ ತೆಗೆದಿಟ್ಟ ಬೀಜ ಮರುವರ್ಷ ತಾಯಿಯ ಗುಣ ಉಳಿಸಿಕೊಳ್ಳುವುದಿಲ್ಲ. ಹೀಗೆ ನಾಲ್ಕು ವರ್ಷ ಪುಕ್ಕಟೆ ಪೊಟ್ಟಣ ಬಂದರೆ ಮಡಕೆ ಬರಿದಾಗುತ್ತದೆ, ಆಮೇಲೆ ಅಂಗಡಿಯೇ ಗತಿ. ಹಾಸನದ ಕಡೆಯಿಂದ ಬೆಳೆದು ಬರುತ್ತಿರುವ ಮೂವತ್ತು-ನಲವತ್ತರ ಸೈಟುಗಳಲ್ಲಂತೂ ಕಾಂಪೌಂಡಿಗೂ ಗೋಡೆಗೂ ನಡುವೆ ಒಂದು ಪಾತಿ ಮಾಡಲು ಜಾಗವಿಲ್ಲ. ಇದ್ದ ಅಂಗೈಯಗಲಕ್ಕೂ ಟೈಲ್ಸ್ ಹಾಕಿಸುತ್ತಾರೆ. ಹಿತ್ತಲಿದ್ದವರ ಮೊಮ್ಮಕ್ಕಳು ದೀಪಾವಳಿಯ ಮುಂಜಾನೆ ಮಾರು ಸೇವಂತಿಗೆಗೆ ಚೌಕಾಸಿ ಮಾಡುತ್ತ ನಿಂತಿರುತ್ತಾರೆ.

ಅಧ್ಯಾಯ 4ರಿಂದ 7ರವರೆಗೆ ಬರೆಯುವ ಉತ್ಸಾಹ ಉಳಿದಿಲ್ಲ.

ಶಿಫಾರಸುಗಳು

ಪೊಟ್ಟಣ ಕೊಡುವುದಿದ್ದರೆ ಹಸ್ತದ ಮಳೆಗೆ ಮುಂಚೆ ಕೊಡಿ. ಅದು ಕಡತಕ್ಕೆ ಸಾಧ್ಯವಿಲ್ಲವಾದರೆ ಕೊಡಬೇಡಿ; ಆ ದುಡ್ಡಿಗೆ ಇದೇ ಹೆಂಗಸರಿಂದ ಹೀರೆ, ಅವರೆ, ಬದನೆಯ ಬೀಜ ಕೊಂಡು ಪಕ್ಕದ ಊರಿಗೆ ಹಂಚಿ, ಕಂಪನಿಗೆ ತೆರುವ ದರವನ್ನೇ ಅವರಿಗೂ ತೆರಿ. ರಸೀದಿಯ ಚಿಂತೆ ಬೇಡ. ಹೆಬ್ಬೆಟ್ಟು ಒತ್ತುತ್ತಾರೆ, ಈ ಹಿಂದೆಯೂ ಒತ್ತಿದ್ದಾರೆ, ಪೊಟ್ಟಣ ಕೈಗೆ ಬರುವ ಎಷ್ಟೋ ದಿನ ಮೊದಲೇ.