ಸೊನ್ನೆ ಕಟ್ಟುವ ಸಂಭ್ರಮ

ನಲವತ್ತು ದಾಟಿದ ಮನುಷ್ಯನಿಗೆ ಬಿ.ಪಿ., ಶುಗರ್ ಬರುತ್ತವೆ. ಬ್ರಿಟನ್ನಿನ ಮೋಟಾರ್ ಸೈಕಲ್ಲಿಗೆ ರಸ್ತೆ ತೆರಿಗೆಯೇ ಮಾಫಿ! ಹಾಗಂತ ಹುಟ್ಟುಹಬ್ಬದ ದಿನವೇ ಕೈಗೆ ಸಿಗುವುದಿಲ್ಲ. 1985ರ ಜನವರಿ 1ಕ್ಕೆ ಮೊದಲು ತಯಾರಾದ ಗಾಡಿಗೆ ವಿನಾಯಿತಿ ಶುರುವಾದದ್ದು 2025ರ ಏಪ್ರಿಲ್ 1ರಂದು. ಮೂರ್ಖರ ದಿನವನ್ನೇ ಹುಡುಕಿ ಇಟ್ಟ ಪುಣ್ಯಾತ್ಮ ಯಾರೋ! ಜಾತಕ ಸಿಗದ ಗಾಡಿಗೂ ದಾರಿಯಿದೆ: 1985ರ ಜನವರಿ 8ಕ್ಕೆ ಮೊದಲು ನೋಂದಣಿಯಾಗಿದ್ದರೆ ಹಿಂದಿನ ವರ್ಷದ ಕೂಸೆಂದೇ ಸರ್ಕಾರ ನಂಬುತ್ತದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಬರೆದುಕೊಳ್ಳುತ್ತಿದ್ದ ನಮ್ಮೂರ ಮೇಷ್ಟ್ರಷ್ಟೇ ಧಾರಾಳ.

ಗಾಡಿಯ ನೋಂದಣಿ ಪತ್ರವಾದ ಲಾಗ್ ಬುಕ್ ಹಿಡಿದು ಅಂಚೆ ಕಚೇರಿಗೆ ಹೋದರೆ ಗಾಡಿಯ ವರ್ಗ 'ಹಿಸ್ಟಾರಿಕ್' ಎಂದು ಬದಲಾಗುತ್ತದೆ. ಮಜಾ ಇರುವುದು ಆಮೇಲೆ. ತೆರಿಗೆ ಇಲ್ಲದಿದ್ದರೂ ವರ್ಷವರ್ಷವೂ ತಪ್ಪದೆ ತೆರಿಗೆ 'ಕಟ್ಟಬೇಕು'. ಮೊತ್ತ ಸೊನ್ನೆ. ಮರೆತರೆ ಬೀಳುವ ದಂಡ ಮಾತ್ರ ಸೊನ್ನೆಯಲ್ಲ! ಕಟ್ಟಿದ್ದೇನೆಂದು ನಾಲ್ಕು ಜನಕ್ಕೆ ತೋರಿಸೋಣವೆಂದರೆ ಗಾಡಿಯ ಮೇಲೆ ಪ್ರದರ್ಶಿಸುತ್ತಿದ್ದ ತೆರಿಗೆಯ ಬಿಲ್ಲೆಯನ್ನೂ 2014ರಲ್ಲೇ ತೆಗೆದುಹಾಕಿದ್ದಾರೆ.

ನಮ್ಮಲ್ಲಿ? 2021ರ ಕೇಂದ್ರ ನಿಯಮದಂತೆ ಐವತ್ತು ದಾಟಿದ ಗಾಡಿಯನ್ನು ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅಷ್ಟು ಕೊಟ್ಟರೂ ದಿನಾ ಓಡಿಸುವಂತಿಲ್ಲ. ಮೈಸೂರಿನಲ್ಲಿ ಹುಟ್ಟಿದ ಹಳೇ ಜಾವಾದ ಮುಂದೆ ಈ ಮಾತು ಆಡಬೇಡಿ; ಮೊದಲೇ ಬೆಳಗಿನ ಹೊತ್ತು ಕಿಕ್ಕಿಗೆ ಬಗ್ಗುವ ಜಾತಿಯಲ್ಲ.