ಅನ್ಯಮೂಲಯಾಚನಾವಿಘ್ನಮೀಮಾಂಸೆ: ಅಮ್ಮಸಂದ್ರ ಪ್ರಸ್ಥಾನ

ಪ್ರಸ್ತುತ ಪ್ರಬಂಧದ ವ್ಯಾಪ್ತಿಯು ಸಿಮೆಂಟಿಗೂ ತೆಂಗಿಗೂ ಸಮಾನ ಪ್ರಾತಿನಿಧ್ಯವಿರುವ ಅಮ್ಮಸಂದ್ರಕ್ಕೆ ಸೀಮಿತ. ಅಧ್ಯಯನವಸ್ತು: ಕೊಬ್ಬರಿ ಮಾರಲು ಹೆಸರು ನೋಂದಾಯಿಸಬಂದ ರೈತನೆದುರು ಸೇವಾಕೇಂದ್ರದ ಪರದೆಯಲ್ಲಿ ಸುತ್ತುತ್ತಲೇ ಇರುವ ಚಕ್ರ. ಪೂರ್ವಸೂರಿಗಳು ಇದನ್ನು ‘ಸರ್ವರ್ ಡೌನ್’ ಎಂಬ ಏಕಮೇವಾದ್ವಿತೀಯ ತತ್ತ್ವವಾಗಿ ನಿರೂಪಿಸಿದ್ದಾರೆ. ಆ ಅದ್ವೈತದ ಖಂಡನೆಯೇ ಇಲ್ಲಿನ ಪ್ರತಿಜ್ಞೆ.

ಲಕ್ಷಣ. ಪುಟವು ಒಂದು ಮೂಲದಿಂದ ಬಂದು, ಮಾಹಿತಿಯನ್ನು ಮತ್ತೊಂದು ಮೂಲದ ಸರ್ವರಿನಿಂದ ಬೇಡುವುದು ಅನ್ಯಮೂಲಯಾಚನೆ. ಮೂಲವೋ ತ್ರ್ಯಂಗಿ: ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದು, ಹೋಸ್ಟ್‌ನ ಹೆಸರು, ಪೋರ್ಟ್ ಸಂಖ್ಯೆ. ಗ್ರಾಮ, ಹೋಬಳಿ, ತಾಲ್ಲೂಕು ಮೂರೂ ಕೂಡಿಬರದೆ ಅರ್ಜಿ ವಾಪಸಾಗುವಂತೆ, ಇಲ್ಲೂ ಒಂದಂಗ ತಪ್ಪಿದರೆ ಅನ್ಯತ್ವ ಸಿದ್ಧ. ಮನೆ ಅಮ್ಮಸಂದ್ರದಲ್ಲಿ, ತೋಟ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಮಾರುಕಟ್ಟೆ ತಿಪಟೂರಿನಲ್ಲಿ ಇರುವವರಿಗೆ ಈ ಸೂತ್ರಕ್ಕೆ ಭಾಷ್ಯ ಬೇಕಿಲ್ಲ.

ಇತಿಹಾಸ. ಅನ್ಯಮೂಲದ ಉತ್ತರವನ್ನು ಪುಟ ಓದಬಾರದೆಂಬ ಏಕಮೂಲನಿಯಮವನ್ನು 1995ರಲ್ಲಿ ನೆಟ್‌ಸ್ಕೇಪ್ ತಂದಿತು. ಅದಕ್ಕೆ ವಿನಾಯಿತಿ ನೀಡುವ ‘ಕಾರ್ಸ್’ ವಿಧಿ 2014ರಲ್ಲಿ ಡಬ್ಲ್ಯು3ಸಿ ಶಿಫಾರಸಾಯಿತು. ನಿಮ್ಮ ಬ್ಯಾಂಕಿನ ಖಾತೆ ತೆರೆದಿರುವಾಗ ಪಕ್ಕದ ಕಳ್ಳಪುಟ ಅದನ್ನು ಓದದಿರಲಿ ಎಂಬುದು ನಿಯಮದ ಉದ್ದೇಶ. ಒಳ್ಳೆಯ ಉದ್ದೇಶವೇ, ಈ ಒಂದು ಮಾತಿನಲ್ಲಿ ಅಣಕವಿಲ್ಲ.

ವಿಘ್ನಗಳು ಹದಿನೆಂಟು ವಿಧ. ಒಂದು, ಶಿರೋಲೇಖಾಭಾವ: ‘ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್’ ಹೆಡರ್ ಹಾಕಲು ಸರ್ವರ್ ಮರೆಯುವುದು. ಎರಡು, ಶಿರೋಲೇಖಾದ್ವಿರುಕ್ತಿ: ಮುಂದೆ ನಿಂತ ಎಂಜಿನ್‌ಎಕ್ಸ್ ಸರ್ವರ್ ಒಮ್ಮೆ, ಹಿಂದಿನ ಅಪ್ಲಿಕೇಶನ್ ಇನ್ನೊಮ್ಮೆ ಅದನ್ನೇ ಹಾಕಿ, ಬ್ರೌಸರ್ ಎರಡನ್ನೂ ತಳ್ಳಿಹಾಕುವುದು. ಮೂರು, ಅಂತ್ಯರೇಖಾಪ್ರಮಾದ: ಅನುಮತಿಸಿದ ಮೂಲದ ಕೊನೆಗೊಂದು ಓರೆಗೆರೆ ಅಂಟಿಕೊಂಡಿರುವುದು. ನಾಲ್ಕು, ನಕ್ಷತ್ರಾಭಾಸ: ಕುಕಿ ಹೊತ್ತು ಬಂದ ಕೋರಿಕೆಗೆ ‘ಯಾರಾದರೂ ಬನ್ನಿ’ ಎಂಬ ನಕ್ಷತ್ರಚಿಹ್ನೆ ತೋರಿಸುವುದು, ಅಲ್ಲಿ ಮೂಲದ ಹೆಸರು ಹಿಡಿದೇ ಕರೆಯಬೇಕು. ಐದು, ಪ್ರಾಗ್ವಿಚಾರಣಾಭಂಗ: ಕೋರಿಕೆಗೆ ಮುಂಚೆ ಬ್ರೌಸರ್ ಕಳಿಸುವ ‘ಆಪ್ಷನ್ಸ್’ ವಿಚಾರಣೆಯ ಹತ್ತಿರವೇ ಲಾಗಿನ್ ಕೇಳುವುದು. ಆರು... ಸಾಕು. ಹದಿನೆಂಟು ಎಂದದ್ದು ಪ್ರಬಂಧದ ತೂಕಕ್ಕೆ.

ಹೇಳಬೇಕಾದದ್ದು ಬೇರೆಯೇ ಇದೆ. ಎಷ್ಟೋ ಸಲ ಸರ್ವರ್ ಡೌನ್ ಆಗಿರುವುದೇ ಇಲ್ಲ. ಕೋರಿಕೆ ತಲುಪಿದೆ, ಉತ್ತರ ಹೊರಟಿದೆ, ಈ ಕಂಪ್ಯೂಟರಿನವರೆಗೂ ಬಂದಿದೆ. ಬ್ರೌಸರ್ ಅದನ್ನು ಪುಟದ ಕೈಗೆ ಕೊಟ್ಟಿಲ್ಲ, ಅಷ್ಟೆ. ಏಕೆ ಕೊಡಲಿಲ್ಲವೆಂದು ಪುಟಕ್ಕೂ ತಿಳಿಸುವುದಿಲ್ಲ. ಕಾರಣವು ಎಫ್12 ಒತ್ತಿದವರಿಗೆ ಮಾತ್ರ ಕಾಣುವ ಕನ್ಸೋಲ್‌ನಲ್ಲಿ, ಕೆಂಪಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬಿದ್ದಿರುತ್ತದೆ. ಕೌಂಟರಿನ ಹುಡುಗ “ಸರ್ವರ್ ಡೌನ್ ಯಜಮಾನ್ರೇ, ನಾಳೆ ಬನ್ನಿ” ಅನ್ನುತ್ತಾನೆ. ಅವನು ಸುಳ್ಳುಗಾರನಲ್ಲ. ಅವನಿಗೂ ಯಾರೂ ಹೇಳಿಲ್ಲ.

ಯಜಮಾನರು ವರ್ಷದ ಹತ್ತಿರ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿ ತೆಗೆದವರು. 2024ರಲ್ಲಿ ಅದಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ನೋಂದಣಿಯ ದಿನ ಮುಗಿದರೆ ಆ ಬೆಲೆ ಪತ್ರಿಕೆಯಲ್ಲೇ ಉಳಿಯುತ್ತದೆ, ಇವರಿಗೆ ವರ್ತಕ ಹೇಳಿದ್ದೇ ದರ. ಒಂದು ಓರೆಗೆರೆಗಾಗಿ! ನಾಳೆ ಬನ್ನಿ ಎಂದರೆ ಮತ್ತೊಂದು ದಿನದ ತೋಟದ ಕೆಲಸ ಹಾಳು, ಮತ್ತೆ ಬಸ್ ಚಾರ್ಜು, ಮತ್ತದೇ ಬೆಂಚು.

‘ನಾವು ಪರೀಕ್ಷಿಸಿದಾಗ ಸರಿಯಿತ್ತು’ ಎಂಬುದು ಪ್ರತಿವಾದಿಗಳ ಪಕ್ಷ. ಇದ್ದೀತು. ಪೋಸ್ಟ್‌ಮನ್, ಕರ್ಲ್ ಎಂಬ ಪರೀಕ್ಷಾ ಸಾಧನಗಳನ್ನು ಇಟ್ಟುಕೊಂಡು ನೋಡಿದರೆ ಸರಿಯಾಗಿಯೇ ಇರುತ್ತದೆ. ಅವು ಬ್ರೌಸರುಗಳಲ್ಲ, ಈ ನಿಯಮ ಅವಕ್ಕಿಲ್ಲ. ಇನ್ನು ಕೆಲವರು ಕ್ರೋಮ್‌ನ ರಕ್ಷಣೆಯನ್ನೇ ಆಫ್ ಮಾಡಿಕೊಳ್ಳಿ ಎಂದು ಉಪದೇಶಿಸುತ್ತಾರೆ. ಸ್ವಾಮಿ, ಊರಿನವರ ಆಧಾರ್, ಬ್ಯಾಂಕ್ ಖಾತೆಗಳೆಲ್ಲ ತೆರೆದುಕೊಳ್ಳುವುದು ಅದೇ ಕಂಪ್ಯೂಟರಿನಲ್ಲಿ. ರಿಪೇರಿ ಆಗಬೇಕಾದ್ದು ಸರ್ವರ್ ಕಡೆ: ಅನುಮತಿಸುವ ಮೂಲವನ್ನು ಅಕ್ಷರ ತಪ್ಪದೆ ಬರೆಯಿರಿ, ‘ಆಪ್ಷನ್ಸ್’ಗೆ ಲಾಗಿನ್ ಕೇಳಬೇಡಿ, ತಪ್ಪಾದಾಗ ಕಳಿಸುವ 500ರ ಉತ್ತರಕ್ಕೂ ಅದೇ ಹೆಡರ್ ಹಾಕಿ, ನಿಜವಾದ ದೋಷವಾದರೂ ಕಾಣಲಿ.

ಇದನ್ನೆಲ್ಲ ತಿಳಿಸೋಣವೆಂದರೆ ಸಹಾಯವಾಣಿಯ ನಂಬರು ಪುಟದ ಅಡಿಯಲ್ಲೇ ಇರುತ್ತದೆ. ಬಹಳ ಹೊತ್ತಿನ ಮೇಲೆ ಎತ್ತಿದವರು ಹೇಳುವುದು: “ನಿಮ್ಮ ಕಡೆ ನೆಟ್ ಬರ್ತಾ ಇದೆಯಾ ನೋಡಿ ಸಾರ್.”